ಮೂರು ಬೆರಳು ಕೆಳಗೆ

ಮಲಂಗ್ ಊರಿನ ಕಾಲೇಜು ಬೀದಿಯಲ್ಲಿ
ಒಂದೇ ಬಾಗಿಲಿನ ಜೆರಾಕ್ಸ್ ಅಂಗಡಿ. ಒಳಗೆ ತುಕಿರನ್.
ಅವನ ಬೆರಳಿಗೆ ದಿನಕ್ಕೊಂದು ಬಣ್ಣ.
ನಮಾಜಿಗೆ ಹೊರಡುವಾಗ ಎಷ್ಟು ತಿಕ್ಕಿದರೂ
ಉಗುರಂಚಿಗೆ ಒಂದು ಕಪ್ಪು ಗೆರೆ ಉಳಿದೇ ಉಳಿಯುತ್ತದೆ.

ಇಂಜಿನಿಯರಲ್ಲ ಅವನು.
ಕಲಿತದ್ದು ಆಸ್ಪತ್ರೆಯ ಬೆಂಚಿನ ಮೇಲೆ
ತಾಯಿಯ ಪಕ್ಕ, ಹನ್ನೊಂದು ರಾತ್ರಿ,
ತಲೆಕೆಳಗಾಗಿ ತೂಗುವ ಗಾಜಿನ ಬಾಟಲಿ ನೋಡುತ್ತ.
ಒಮ್ಮೆ ಹನಿ ನಿಂತಿತು. ಕಿರುಚಿದ.
ನರ್ಸ್ ಬಂದಳು, ಬೈಯಲಿಲ್ಲ,
ರಬ್ಬರ್ ಮುಚ್ಚಳಕ್ಕೆ ಇನ್ನೊಂದು ಸೂಜಿ ಚುಚ್ಚಿದಳು.
ಒಳಗೊಂದು ಗುಳ್ಳೆ ಮೇಲಕ್ಕೆದ್ದಿತು,
ಕೆಳಗೊಂದು ಹನಿ ಬಿತ್ತು.
‘ಇದಕ್ಕೂ ಉಸಿರು ಬೇಕಲ್ಲ, ಮಾಸ್.’

ತಾಯಿ ಉಳಿದಳು. ಈಗ ಅಂಗಡಿಯ ಮೂಲೆಯಲ್ಲಿ
ಮಕ್ಕಳ ಪ್ರಬಂಧಗಳಿಗೆ ಸ್ಟೇಪ್ಲರ್ ಹೊಡೆಯುತ್ತಾಳೆ,
ಯಾವಾಗಲೂ ಕೊಂಚ ಓರೆ.

ಕಂಪನಿಯ ಕಾರ್ಟ್ರಿಜ್ಜೆಂದರೆ ಅಂಗೈಯಷ್ಟು ಡಬ್ಬಿ,
ಒಳಗೆ ಒಂದು ಗುಟುಕು ಶಾಯಿ,
ಬೆಲೆ ಮಾತ್ರ ಅರ್ಧ ಪ್ರಿಂಟರಿನದು.
ಡ್ರಿಲ್ ಹಿಡಿದ. ತೂತು, ಕೊಳವೆ, ನಾಲ್ಕು ಬಾಟಲಿ.
ಆಸ್ಪತ್ರೆಯಲ್ಲಿ ಕಂಡಂತೆಯೇ
ಎಲ್ಲವನ್ನೂ ಯಂತ್ರದ ನೆತ್ತಿಯ ಮೇಲಿಟ್ಟ.

ಬೆಳಿಗ್ಗೆ ಬಾಗಿಲು ತೆಗೆದರೆ
ಮೇಜು, ನೆಲ, ಹೊಸಿಲು, ಎಲ್ಲ ಕೆನ್ನೇರಳೆ.
ಹನಿ ಹನಿ ಕೂಡಿ ಹಳ್ಳವಾಗಿತ್ತು.
ತುಂಬಿದ ಕೊಡ ತುಳುಕುವುದಿಲ್ಲ ಎಂದವರು
ಅದನ್ನು ತಲೆಗಿಂತ ಮೇಲಿಟ್ಟು ನೋಡಿರಲಿಕ್ಕಿಲ್ಲ.

ಬಾಟಲಿಗಳನ್ನು ನೆಲಕ್ಕಿಳಿಸಿದ. ತಲೆ ಒಣಗಿತು.
ಗಾಳಿ ಕುಡಿದು ಕೆಮ್ಮಿತು.
ಯಾರದೋ ಮೀನುಗಳ ಮೈತುಂಬ ಬಿಳಿ ಬರೆ.
ಆಮೇಲೆ ಹಳೇ ಪಠ್ಯಪುಸ್ತಕಗಳ ಅಟ್ಟಿ ಕಟ್ಟಿ
ಒಂದೊಂದೇ ಪುಸ್ತಕ ಏರಿಸಿದ, ಇಳಿಸಿದ,
ಅರ್ಥಶಾಸ್ತ್ರ ಸೇರಿಸಿದ, ವ್ಯಾಕರಣ ತೆಗೆದ.
ಕೊನೆಗೆ ನಿಂತಿತು:
ಶಾಯಿಯ ಮಟ್ಟ ತಲೆಗಿಂತ ಮೂರು ಬೆರಳು ಕೆಳಗೆ.
ಬೀಳಲು ಹೊರಟ ಹನಿಯನ್ನು
ಹಿಂದಿನಿಂದ ಯಾರೋ ಅಂಗಿ ಹಿಡಿದು
ಸಣ್ಣಗೆ, ಬಲು ಸಣ್ಣಗೆ, ಎಳೆದ ಹಾಗೆ.

ಬೀದಿಯವರು ಅದನ್ನು ‘ಇನ್ಫುಸ್’ ಎಂದರು.
ರೋಗಿಯ ಹೆಸರನ್ನು ಯಾರೂ ಕೇಳಲಿಲ್ಲ.

ಆಷಾಢದ ಬಿಸಿಲಿನಂಥ ಒಂದು ಮಧ್ಯಾಹ್ನ
ಜಪಾನಿನ ಸರೋವರದೂರಿನಿಂದ
ಕುತ್ಸುಕಾಕೆ ಮಸಾನೊ ಬಂದಳು, ಕಂಪನಿಯವಳು.
ಈ ನಾಡಿನಲ್ಲಿ ಕಾರ್ಟ್ರಿಜ್ ಏಕೆ ಬಿಕರಿಯಾಗುವುದಿಲ್ಲ
ಎಂದು ತಿಳಿಯಲು.
ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತಳು. ಬಹಳ ಹೊತ್ತು ಕೂತಳು.
ಅವನಿಗೆ ಬೆವರು. ಪೊಲೀಸರನ್ನು ಕರೆದಾಳೇ?
ಅವಳು ತೆಗೆದದ್ದು ಉಕ್ಕಿನ ಅಳತೆಪಟ್ಟಿ.
‘ನಲವತ್ತೆಂಟು ಮಿಲಿಮೀಟರ್. ನಮ್ಮ ಲ್ಯಾಬಿನಲ್ಲಿ
ನಾಲ್ಕು ವರ್ಷ. ಕೊನೆಗೆ ಸಿಕ್ಕಿದ್ದು ನಲವತ್ತೈದು.’
ತುಕಿರನ್ ಅವಳ ಕೈ ನೋಡಿದ.
‘ನಿಮ್ಮ ಬೆರಳು ತೆಳು,’ ಎಂದ.

ಆಮೇಲೆ ಮಾತು ಸಲೀಸಾಯಿತು, ಅರ್ಧ ಕೈಸನ್ನೆಯಲ್ಲಿ.
ಬಾಟಲಿ ತುಂಬಿರುವಾಗ ತಂಟೆಯಿಲ್ಲ,
ಅರ್ಧ ಖಾಲಿಯಾದ ಮೇಲೆಯೇ ಅದರ ಚೇಷ್ಟೆ ಎಂದ;
ಮಧ್ಯಾಹ್ನದ ನಮಾಜು ಮುಗಿಸಿ ಬಂದರೆ
ಹಳದಿ ತಾನಾಗಿ ಸೋರಿರುತ್ತದೆ ಎಂದ.
‘ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ,’
ಅವಳು ಬಿಲ್ಲಿನ ಹಿಂಬದಿ ಗೀಚಿದಳು:
ದೊಡ್ಡ ಕೋಣೆ, ಪಕ್ಕದಲ್ಲೊಂದು ಪುಟ್ಟ ಕೋಣೆ,
ನಡುವೆ ತಳದಲ್ಲೊಂದು ಕಿಂಡಿ.
ಹೊರದಬ್ಬಿಸಿಕೊಂಡ ಶಾಯಿಗೆ ಕೂರಲು ಒಂದು ಜಗುಲಿ,
ಸಂಜೆ ತಂಪಾದಾಗ ಒಳಗೆ ಹೋಗಲಿ ಎಂದು.
ಅವನು ಆ ಬಿಲ್ಲನ್ನು ಮಡಚಿ ಜೇಬಿಗಿಟ್ಟ.
ಹಣ ಕೇಳುವುದನ್ನು ಮರೆತ.

ಆ ರಾತ್ರಿ ರುಮಿಯಾತಿಯ ಪ್ರಬಂಧ, ನೂರ ಹದಿನೇಳನೇ ಪುಟ.
ತಲೆ ಅತ್ತಿತ್ತ ಓಡುತ್ತಿತ್ತು,
ಬಾಗಿದ ಕೊಳವೆಯ ನೆತ್ತಿಯಲ್ಲಿ
ಸಾಸಿವೆಯಷ್ಟು ಒಂದು ಗುಳ್ಳೆ.
ಎಡಕ್ಕೆ ಜಾರಿತು. ನಿಂತಿತು.
ಮಸಾನೊ ಉಸಿರು ಬಿಗಿಹಿಡಿದಳು.
ಇಳಿಜಾರಿನ ಅಂಚಿಗೆ ಬಂದು
ಬಂದಷ್ಟೇ ಹಿಂದಕ್ಕೆ ಸರಿಯಿತು.
ಯಾರೂ ಏನೂ ಅನ್ನಲಿಲ್ಲ.

ಪುಟ ಹೊರಬಿತ್ತು, ಇನ್ನೂ ಹಸಿ.
ಕೆರೆಮೀನಿನ ಕಿವಿರು, ಈಗಷ್ಟೇ ತೆರೆದಂತೆ ಕೆಂಪು.
ಮುದುಕಿ ಅದನ್ನು ಗಾಳಿಗೆ ಬೀಸಿ
ಉಳಿದವುಗಳ ಮೇಲಿಟ್ಟು ಸ್ಟೇಪ್ಲರ್ ಒತ್ತಿದಳು,
ಕೊಂಚ ಓರೆ.